ಜವರಯ್ಯನ ಮಗಳು ಯಾವೂರ ಹೆಣ್ಣು

ಜವರಯ್ಯ ಹಳೇಬೀಡಿನಲ್ಲಿ ನೆಲೆ ನಿಂತದ್ದಕ್ಕೆ ಕಾರಣ ನನ್ನ ಮೆಟಡೋರ್ ಗಾಡಿಯ ಆಕ್ಸಲ್ಲು. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ಮಳೆ ಬರಲಿಲ್ಲ, ಕೆಲಸ ಸಿಗಲಿಲ್ಲ, ಅಣ್ಣತಮ್ಮಂದಿರು ಬೇರೆಯಾದರು ಅಂತ ಏನಾದರೂ ದೊಡ್ಡ ಕಾರಣವಿದ್ದರೆ ಮಾತ್ರ ಜನ ಊರು ಬಿಡುತ್ತಾರೆ ಎಂದು ಎಲ್ಲರೂ ತಿಳಿದಿದ್ದಾರೆ. ಇರುತ್ತವೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಬಿಟ್ಟವನು ಎಲ್ಲಿ ಹೋಗಿ ನಿಲ್ಲುತ್ತಾನೆ ಅನ್ನುವುದು ಅಷ್ಟು ವರ್ಷ ಜನರನ್ನು ಹತ್ತಿಸಿ ಇಳಿಸಿದ ನನಗೇ ಇವತ್ತಿಗೂ ಅರ್ಥವಾಗಿಲ್ಲ. ನನಗೊಂದು ಕಟ್ಟು ಬೀಡಿ ತರಲು ಜಾವಗಲ್‌ನಲ್ಲಿ ಇಳಿದವನೊಬ್ಬ ಅಲ್ಲೇ ಸಂಸಾರ ಹೂಡಿ ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾನೆ. ಆ ಬೀಡಿ ಮಾತ್ರ ಇನ್ನೂ ಬಂದಿಲ್ಲ.

ಆಗ, ಅಂದರೆ ತೊಂಬತ್ತರ ದಶಕದಲ್ಲಿ, ನನ್ನದು ವರ್ಷಾವರ್ಷ ಒಂದೇ ಓಡಾಟ. ದೀಪಾವಳಿ ಕಳೆದು ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ಹಾರನಹಳ್ಳಿ, ಬಾಣಾವರದ ಕಡೆಯ ಜನರಿಗೆ ಕೈತುಂಬ ಕೆಲಸ ಇರುತ್ತಿರಲಿಲ್ಲ. ಅದೇ ಹೊತ್ತಿಗೆ ಬೇಲೂರಿನ ಆಚೆ ಕಾಫಿ ಹಣ್ಣಾಗಿ, ಕೊಯ್ಯುವವರು ಸಾಲದೆ ತೋಟದವರು ಪರದಾಡುತ್ತಿದ್ದರು. ಬಯಲುಸೀಮೆಯ ಕೈಗಳೂ ಆ ಕಡೆಯ ಹಣ್ಣುಗಳೂ ಮೊದಲೇ ಮಾತಾಡಿಕೊಂಡಂತೆ ಇತ್ತು. ಮಡಕೆ, ಕಂಬಳಿ, ಮಕ್ಕಳು, ಕೋಳಿ ಎಲ್ಲವನ್ನೂ ಮೆಟಡೋರ್‌ಗೆ ತುಂಬಿ ಕೆಂಗುಡ್ಡೆ ತೋಟದ ಕೂಲಿ ಲೈನಿನ, ಅಂದರೆ ಕೂಲಿಯವರ ಸಾಲುಮನೆಗಳ ಮುಂದೆ ಇಳಿಸುವುದು, ಶಿವರಾತ್ರಿ ಮುಗಿದ ಮೇಲೆ ಮತ್ತೆ ತುಂಬಿ ತರುವುದು. ಜವರಯ್ಯನ ಹೆಂಡತಿ ಮಾದಮ್ಮನ ಹತ್ತಿರ ಒಂದು ಹುಂಜವಿತ್ತು. ಎಷ್ಟು ಸಲ ಓಡಾಡಿತ್ತೆಂದರೆ, ನಾನು ಹಾರನಹಳ್ಳಿ ತಿರುವಿನಲ್ಲಿ ಹಾರ್ನ್ ಹೊಡೆದ ಕೂಡಲೇ ತಾನೇ ಓಡಿ ಬಂದು, ಗಾಡಿಯ ಪಕ್ಕ ಮಲಗಿ, ಕಟ್ಟಿ ಎಂದು ಎರಡು ಕಾಲನ್ನೂ ಜೋಡಿಸಿ ಮುಂದೆ ಚಾಚುತ್ತಿತ್ತು. ನಂಬದಿದ್ದರೆ ಬಿಡಿ. ನನಗೆ ಆ ಹುಂಜದ ಮೇಲಿದ್ದ ನಂಬಿಕೆ ಎಷ್ಟೋ ಪ್ರಯಾಣಿಕರ ಮೇಲೆ ಇರಲಿಲ್ಲ.

ಈ ಜವರಯ್ಯ ಹುಟ್ಟಿದ್ದು ಬಾಣಾವರದ ಹತ್ತಿರದ ಕೋಡಿಹಟ್ಟಿಯಲ್ಲಿ. ನಾಲ್ಕು ಜನ ಅಣ್ಣತಮ್ಮಂದಿರು. ಅವರ ಹೊಲ ಎಷ್ಟಿತ್ತೆಂದರೆ, ನಾಲ್ವರೂ ಒಟ್ಟಿಗೆ ನಿಂತರೆ ರಾಗಿ ನಿಲ್ಲಲು ಜಾಗವಿರುತ್ತಿರಲಿಲ್ಲ. ಹಾಗಾಗಿ ಕಿರಿಯವನಾದ ಇವನನ್ನು ಹಾರನಹಳ್ಳಿಗೆ ಮನೆ ಅಳಿಯನಾಗಿ ಕಳಿಸಿದರು. ಮಾದಮ್ಮನ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಅಲ್ಲಿ ಒಂದು ಹೊಲ, ಒಂದು ಮನೆ ಇವನ ಪಾಲಿಗೆ ಬಂತು. ರೇಷನ್ ಕಾರ್ಡೂ ಓಟೂ ಅಲ್ಲಿಯವೇ. ಆದರೆ ಆ ಹೊಲಕ್ಕೂ ವರ್ಷದಲ್ಲಿ ಅರ್ಧ ಮಾತ್ರ ಜವರಯ್ಯ ಬೇಕಾಗಿತ್ತು, ಉಳಿದರ್ಧ ಬೇಡವಾಗಿತ್ತು. ಆ ಬೇಡದ ಅರ್ಧದಲ್ಲಿ ಗಂಡಹೆಂಡಿರು ಕಾಫಿ ಕೊಯ್ಯಲು ಹೋದರು. ಬಾಣಾವರದ ಕಡೆ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕುವಾಗ ಒಂದು ಬೇಸಿಗೆ ಜಲ್ಲಿ ಹೊರಲೂ ಹೋಗಿದ್ದ. ಹಳಿ ಮುಂದೆ ಮುಂದೆ ಹೋದಂತೆ ಇವನೂ ಹೋದ. ಒಂದು ದಿನ ಹಿಂತಿರುಗಿ ನೋಡಿದರೆ ಇವನ ಊಟದ ಗಂಟು ಎರಡು ಸ್ಟೇಷನ್ ಹಿಂದೆ ಉಳಿದಿತ್ತಂತೆ.

ಮಗಳು ಹೇಮಾಶ್ರೀ ಹುಟ್ಟಿದ್ದು ಕೆಂಗುಡ್ಡೆ ತೋಟದ ಲೈನಿನಲ್ಲಿ. ಆ ದಿನದ ಮಂಜು ನನಗೆ ಚೆನ್ನಾಗಿ ನೆನಪಿದೆ. ಗಾಡಿಯ ಮುಂದಿನ ಗಾಜು ಒರೆಸಲು ಕೈ ಹಾಕಿದರೆ ಕೈಯೇ ಕಾಣುತ್ತಿರಲಿಲ್ಲ. ಸೂಲಗಿತ್ತಿ ಮಗುವನ್ನು ಅಳುವ ಸದ್ದಿನ ಮೇಲೆ ಹುಡುಕಿ ಹಿಡಿದಳು ಅಂತ ಲೈನಿನವರೆಲ್ಲ ಹೇಳುತ್ತಿದ್ದರು.

ಇನ್ನು ಆಕ್ಸಲ್ಲಿನ ಕಥೆ. ತೊಂಬತ್ತಾರನೇ ಇಸವಿ, ಶಿವರಾತ್ರಿ ಮುಗಿಸಿ ವಾಪಸು ಬರುತ್ತಿದ್ದೆವು. ಹಳೇಬೀಡಿನ ಕೆರೆ ಏರಿಯ ಹತ್ತಿರ ಗಾಡಿ ಕಟಕ್ ಎಂದು ಒಂದು ಪಕ್ಕಕ್ಕೆ ಕೂತಿತು. ಆಕ್ಸಲ್ ಹಾಸನದಿಂದ ಬರಬೇಕು. ಉಳಿದವರು ಬಸ್ಸು ಹಿಡಿದು ಹೋದರು. ಸಾಮಾನು ಜಾಸ್ತಿ ಇದ್ದ ಜವರಯ್ಯ ಮರದ ಕೆಳಗೆ ಒಲೆ ಹೂಡಿದ. ಅಲ್ಲೇ ಪಕ್ಕದ ಹೊಲದ ಬೊಮ್ಮಯ್ಯನ ಟೊಮೊಟೊ ಹಣ್ಣಾಗಿ ಸುರಿಯುತ್ತಿತ್ತು, ಕೀಳಲು ಆಳಿರಲಿಲ್ಲ. ಬೊಮ್ಮಯ್ಯ ಬಂದು, “ಏನ್ಲಾ, ಸುಮ್ಕೆ ಕೂತಿದ್ದೀಯ, ಎಲ್ಡು ಬುಟ್ಟಿ ಕಿತ್ಕೊಡ್ಬಾರ್ದಾ?” ಅಂದ. ಗಾಡಿ ರೆಡಿಯಾದ ದಿನ ನಾನು ಕರೆಯಲು ಹೋದರೆ ಜವರಯ್ಯ ಗಿಡದ ಸಾಲಿನಿಂದಲೇ ಕೂಗಿದ.

“ಇವತ್ತೊಂದಿನ ಕೀಳಾದು ಐತೆ ಡ್ರೈವರಣ್ಣ, ನೀವ್ ನಡೀರಿ. ನಾಳೆ ಬತ್ತೀನಿ.”

ಆ ನಾಳೆ ಬರಲೇ ಇಲ್ಲ. ಟೊಮೊಟೊ ಮುಗಿದರೆ ಆಲೂಗಡ್ಡೆ ನಾಟಿ, ಆಲೂಗಡ್ಡೆ ಮುಗಿದರೆ ಮೆಣಸಿನಕಾಯಿ. ಬೊಮ್ಮಯ್ಯನ ಹಿತ್ತಲ ಕೊಠಡಿ ಬಾಡಿಗೆಗೆ ಸಿಕ್ಕಿತು. ಹೇಮಾಶ್ರೀ ಹಳೇಬೀಡಿನ ಶಾಲೆಗೆ ಸೇರಿದಳು. ಕಾಫಿ ಸುಗ್ಗಿ ಬಂದಾಗ ಜವರಯ್ಯ ಹಾರನಹಳ್ಳಿಯ ಬದಲು ಹಳೇಬೀಡಿನಲ್ಲಿ ಗಾಡಿ ಹತ್ತತೊಡಗಿದ, ಅಷ್ಟೇ ವ್ಯತ್ಯಾಸ. ಮುಂಗಾರು ಬಿದ್ದಾಗ ಹಾರನಹಳ್ಳಿಗೆ ಹೋಗಿ ರಾಗಿ ಬಿತ್ತುತ್ತಿದ್ದ. ಮನೆದೇವರ ಪೂಜೆಗೆ ಕೋಡಿಹಟ್ಟಿಗೆ ಹೋಗುತ್ತಿದ್ದ. “ನಿಂದು ಯಾವೂರಯ್ಯ?” ಎಂದು ಯಾರಾದರೂ ಕೇಳಿದರೆ, “ಈಗಲಾ?” ಎಂದು ತಿರುಗಿ ಕೇಳುತ್ತಿದ್ದ.

ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ತೊಂದರೆ ಆದದ್ದು ಹೇಮಾಶ್ರೀಗೆ ಗಂಡು ಗೊತ್ತಾದಾಗ, ಎರಡು ಸಾವಿರದ ಹತ್ತರಲ್ಲಿ.

ಗಂಡು ಲೋಕೇಶ್. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಚೀಲ ತೂಗಿಸುವ ಕೆಲಸ. ಊರು ಅರಸೀಕೆರೆ ಪಕ್ಕದ ಮಾವಿನಕಟ್ಟೆ. ಹುಡುಗನಿಗೆ ಹುಡುಗಿ, ಹುಡುಗಿಗೆ ಹುಡುಗ ಒಪ್ಪಿಗೆಯಾಗಿದ್ದರು. ನಡುವೆ ಮಾತುಕತೆ ಸಾಗಿಸಿದ್ದು ನನ್ನ ಮೆಟಡೋರೇ. ಉಳಿದದ್ದು ವೀಳ್ಯಶಾಸ್ತ್ರ ಒಂದೇ. ಅದು ಮುಗಿದರೆ ಮದುವೆ ಮುಗಿದ ಹಾಗೆ, ಮುರಿದರೆ ಮದುವೆ ಮುರಿದ ಹಾಗೆ. ಯಾಕೆಂದರೆ ಲೋಕೇಶನ ತಾತ ಮರಿಯಣ್ಣ ಮಾವಿನಕಟ್ಟೆಯ ಯಜಮಾನ. ಶಾಸ್ತ್ರದಲ್ಲಿ ಒಂದು ಅಡಿಕೆ ಚೂರು ಕಮ್ಮಿಯಾದರೂ ಟವೆಲ್ ಕೊಡವಿ ಎದ್ದು ಬರುವ ಮನುಷ್ಯ. ಇದಕ್ಕೆ ಮುಂಚೆ ಎರಡು ಕಡೆ ಹಾಗೆ ಎದ್ದು ಬಂದಿದ್ದ.

ನಮ್ಮ ಕಡೆಯ ವೀಳ್ಯಶಾಸ್ತ್ರದಲ್ಲಿ ಎಲೆಅಡಿಕೆ ತಟ್ಟೆಯನ್ನು ಹೆಣ್ಣಿನ ಅಪ್ಪ ಎತ್ತಿ ಕೊಡುವುದಿಲ್ಲ. ಹೆಣ್ಣಿನ ಊರಿನ ಯಜಮಾನ ಎದ್ದು ನಿಂತು, ‘ಇಂಥ ಊರ ಹೆಣ್ಣು’ ಎಂದು ಊರಿನ ಹೆಸರು ಹೇಳಿ, ಗಂಡಿನ ಊರಿನ ಯಜಮಾನನ ಕೈಗೆ ಕೊಡಬೇಕು. ನಾಳೆ ಗಂಡಹೆಂಡಿರಲ್ಲಿ ಮಾತು ಬಂದರೆ ಆ ಯಜಮಾನನೇ ಬಂದು ಕೂತು ನ್ಯಾಯ ಹೇಳಬೇಕು. ಅದಕ್ಕೇ ಹೆಣ್ಣಿನ ಅಪ್ಪ ಮೊದಲೇ ಅವನ ಮನೆಗೆ ಎಲೆ ಹಿಡಿದುಕೊಂಡು ಹೋಗಿ, “ನೀವು ಮುಂದೆ ನಿಂತು ನಡೆಸಿಕೊಡಬೇಕು” ಎಂದು ಕೇಳುತ್ತಾನೆ. ಯಜಮಾನ ಎಲೆಯನ್ನು ಕೈಗೆ ತೆಗೆದುಕೊಂಡರೆ ಮುಗಿಯಿತು, ಒಪ್ಪಿದ ಹಾಗೆ. ‘ಆಗಲಿ’ ಎಂದು ಬಾಯಿಬಿಟ್ಟು ಹೇಳಿದರೆ ಯಜಮಾನಿಕೆಗೆ ಕಡಿಮೆ. ಎಲೆ ತೆಗೆದುಕೊಂಡು ಅವನು ಎಮ್ಮೆಯ ವಿಷಯವನ್ನೋ ಮಂಡಿನೋವಿನ ವಿಷಯವನ್ನೋ ಮಾತಾಡುತ್ತಾನೆ.

ಇದು ಜವರಯ್ಯನಿಗೆ ಗೊತ್ತಿಲ್ಲದ್ದಲ್ಲ. ಆದರೆ ತೋಟದಲ್ಲಿ ಬೆಳಿಗ್ಗೆ ಹಾಜರಿ ಕೂಗುವಾಗ ‘ಬಂದೆ ಸಾರ್’ ಎಂದು ಬಾಯಿಬಿಟ್ಟು ಹೇಳದವನು ಎದುರಿಗೆ ನಿಂತಿದ್ದರೂ ಬಂದಿಲ್ಲ ಎಂದೇ ಲೆಕ್ಕ. ವರ್ಷಗಟ್ಟಲೆ ಅದನ್ನೇ ಮಾಡಿ ಮಾಡಿ, ಬಾಯಲ್ಲಿ ಬಂದದ್ದು ಮಾತ್ರ ಒಪ್ಪಿಗೆ ಅನ್ನುವುದು ಇವನ ತಲೆಗೆ ಹತ್ತಿಬಿಟ್ಟಿತ್ತು.

ಮೊದಲು ಕೋಡಿಹಟ್ಟಿಗೆ ಹೋದ. ಅಲ್ಲಿಯ ಯಜಮಾನ ಕರಿಯಯ್ಯ ಎಲೆ ತೆಗೆದುಕೊಂಡು, “ನಮ್ಮ ಎತ್ತಿಗೆ ಕಾಲು ಉಳುಕೈತೆ ಕಣ್ಲಾ” ಅಂದ. ಜವರಯ್ಯ, ಪಾಪ, ಎತ್ತಿನ ಚಿಂತೆಯಲ್ಲಿದ್ದಾರೆ, ಬರಲಾರರು ಎಂದುಕೊಂಡು ಹಾರನಹಳ್ಳಿಗೆ ಬಂದ. ಅಲ್ಲಿಯ ಹನುಮಂತಯ್ಯ ಎಲೆ ತೆಗೆದುಕೊಂಡು, “ಈ ಸಲ ತೆಂಗು ಏನೂ ಇಲ್ಲ ಬುಡು” ಎಂದು ಆಕಾಶ ನೋಡಿದ. ಇವರೂ ಒಪ್ಪಲಿಲ್ಲ ಎಂದುಕೊಂಡು ಹಳೇಬೀಡಿಗೆ ಬಂದು, ಆ ಕೇರಿಗೆ ಹಿರಿಯನಾಗಿದ್ದ ಬೊಮ್ಮಯ್ಯನಿಗೇ ಎಲೆ ಕೊಟ್ಟ. ಬೊಮ್ಮಯ್ಯ ಎಲೆಯನ್ನು ಕಿವಿಗೆ ಸಿಕ್ಕಿಸಿಕೊಂಡು, “ಹಿತ್ಲು ಬೇಲಿ ಕಟ್ಬೇಕಲ್ಲೋ” ಅಂದ.

ಜವರಯ್ಯ ಬಾಡಿದ ಮುಖ ಮಾಡಿಕೊಂಡು ನನ್ನ ಹತ್ತಿರ ಬಂದ. “ಮೂರೂರಲ್ಲಿ ಒಬ್ರೂ ಬತ್ತೀನಿ ಅನ್ಲಿಲ್ಲ ಡ್ರೈವರಣ್ಣ. ನನ್ ಮಗಳ ಗತಿ ಏನು?”

“ಬೊಮ್ಮಯ್ಯ ಎಲೆ ತಕಂಡ್ರಾ?” ಎಂದು ಕೇಳಿದೆ.

“ತಕಂಡ್ರು.”

“ಹಂಗಾದ್ರೆ ಬತ್ತಾರೆ, ಹೋಗು” ಎಂದೆ. ಉಳಿದ ಇಬ್ಬರೂ ಎಲೆ ತಗೊಂಡಿದ್ದಾರೆ ಎಂಬುದು ನನಗೆ ತಿಳಿದದ್ದು ವೀಳ್ಯಶಾಸ್ತ್ರದ ದಿನ ಅವರು ಬಸ್ಸಿನಿಂದ ಇಳಿದಾಗಲೇ.

ಅವತ್ತು ಬೊಮ್ಮಯ್ಯನ ಹಿತ್ತಲಿನಲ್ಲಿ ಹೊಂಗೆ ಮರದ ಕೆಳಗೆ ಜಮಖಾನ ಹಾಸಿತ್ತು. ಮಾವಿನಕಟ್ಟೆಯವರನ್ನು ನಾನೇ ಕರೆತಂದಿದ್ದೆ. ಮರಿಯಣ್ಣ ನಡುವೆ ಕೂತಿದ್ದ, ಪಕ್ಕದಲ್ಲಿ ಅವನ ಹೆಂಡತಿ ಗಿಡ್ಡಮ್ಮ, ಹಿಂದೆ ಲೋಕೇಶ್. ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ, ಹೂವು ಎಲ್ಲ ಜೋಡಿಸಿ ಇಟ್ಟಿತ್ತು. ಬೊಮ್ಮಯ್ಯ ಹೊಸ ಟವೆಲ್ ಹೆಗಲಿಗೆ ಹಾಕಿಕೊಂಡು ತಟ್ಟೆಗೆ ಕೈ ಹಾಕಿದ್ದಷ್ಟೇ, ಬೇಲಿಯ ಆಚೆಯಿಂದ, “ನಿಂತ್ಕಳ್ರೀ!” ಎಂದು ಕೂಗು ಬಂತು. ಕರಿಯಯ್ಯ. ಅವನ ಹಿಂದೆಯೇ, “ಯಾರ್ರೀ ಅದು ತಟ್ಟೆ ಮುಟ್ಟಿದ್ದು?” ಎನ್ನುತ್ತ ಹನುಮಂತಯ್ಯ. ಇಬ್ಬರೂ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತು, ಒಬ್ಬರಿಗೊಬ್ಬರು ಎಲೆಅಡಿಕೆ ಕೊಟ್ಟುಕೊಂಡು, ‘ನೀವೆಲ್ಲಿಗೆ’ ಎಂದು ಮಾತ್ರ ಕೇಳಿಕೊಳ್ಳದೆ ಬಂದಿದ್ದರು.

“ನನ್ ಮನೆಗೆ ಬಂದು ಎಲೆ ಕೊಟ್ಟವ್ನೆ” ಎಂದ ಕರಿಯಯ್ಯ. “ಅಪ್ಪನ ಊರೇ ಮಗಳ ಊರು. ಮನೆದೇವ್ರು ಎಲ್ಲೈತೆ? ಕೋಡಿಹಟ್ಟಿಲಿ. ತಟ್ಟೆ ನಾನು ಎತ್ತಬೇಕು.”

“ದೇವ್ರು ಇದ್ರೆ ಸಾಕಾ, ಮನೆ ಬ್ಯಾಡ್ವಾ?” ಎಂದ ಹನುಮಂತಯ್ಯ. “ಇವ್ನ ಓಟು ನಮ್ಮೂರಲ್ಲಿ, ಸೀಮೆಎಣ್ಣೆ ನಮ್ಮೂರಲ್ಲಿ. ನಂಗೂ ಎಲೆ ಕೊಟ್ಟವ್ನೆ.”

ಬೊಮ್ಮಯ್ಯ ತಟ್ಟೆ ಬಿಡಲಿಲ್ಲ. “ಎಣ್ಣೆ ಅಲ್ಲಿ ತಕಂಡ್ರೂ ದೀಪ ಉರಿದಿದ್ದು ಇಲ್ಲಿ ಕಣ್ರೀ! ಈ ಹುಡುಗಿ ಮೂಗು ಸೋರ್ಕೊಂಡು ಇಸ್ಕೂಲಿಗೆ ಓಗಿದ್ದು ನಮ್ಮ ಬೀದೀಲಿ. ಅವಾಗ ಯಾರಾದ್ರೂ ಬಂದು ಮೂಗು ಒರೆಸಿದ್ರಾ?”

ಜವರಯ್ಯ ಮೂವರ ನಡುವೆ ನಿಂತು, ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದ. “ಒಪ್ಪಿದ್ರಾ? ಎಲ್ರೂ ಒಪ್ಪಿದ್ರಾ?” ಎಂದು ತನಗೆ ತಾನೇ ಹೇಳಿಕೊಂಡ. ಸಂತೋಷಪಡಬೇಕೋ ಹೆದರಬೇಕೋ ಅವನಿಗೆ ತಿಳಿಯಲಿಲ್ಲ.

ಒಳಗಿನಿಂದ ಮಾದಮ್ಮ ತಲೆ ಹಾಕಿದಳು. “ಮೂರು ಜನಕ್ಕೂ ಎಲೆ ಕೊಟ್ಟು ಬಂದ್ಯಾ? ಎಲೆ ಕಟ್ಟು ಪೂರ್ತಿ ಎಲ್ಲಿ ಓಯ್ತು ಅಂತಿದ್ದೆ ನಾನು!”

ಅವಳ ಭುಜದ ಹಿಂದಿನಿಂದ ಹೇಮಾಶ್ರೀ, “ಅಪ್ಪ, ಬೇಗ ಯಾವ್ದಾದ್ರೂ ಒಂದೂರು ಹೇಳಪ್ಪ, ಅನ್ನ ಆರೋಗ್ತಿದೆ” ಎಂದಳು. ನಗುವಂತೆ ಹೇಳಿದಳು. ಆದರೆ ಬಾಗಿಲ ಚೌಕಟ್ಟನ್ನು ಹಿಡಿದಿದ್ದ ಅವಳ ಕೈ ನಗುತ್ತಿರಲಿಲ್ಲ.

ಮರಿಯಣ್ಣ ಗಂಟಲು ಸರಿಮಾಡಿಕೊಂಡ. ಅವನು ಗಂಟಲು ಸರಿಮಾಡಿಕೊಂಡರೆ ಮಾವಿನಕಟ್ಟೆಯಲ್ಲಿ ನಾಯಿಗಳೂ ಬೊಗಳುವುದನ್ನು ನಿಲ್ಲಿಸುತ್ತವೆ. ಇದು ಸುಳ್ಳಲ್ಲ, ನಾನೇ ಕಂಡಿದ್ದೇನೆ. ಒಂದು ನಾಯಿಯಂತೂ ಅರ್ಧ ಬೊಗಳಿದ್ದನ್ನು ನುಂಗಿಕೊಂಡಿತ್ತು.

“ಜವರಯ್ಯ, ಒಂದೂರ ಹೆಣ್ಣು ಕೇಳ್ಕೊಂಡು ಬಂದೋರು ನಾವು. ಇದು ಮೂರೂರ ಹೆಣ್ಣೋ, ಯಾವೂರೂ ಇಲ್ಲದ ಹೆಣ್ಣೋ?”

ಗಿಡ್ಡಮ್ಮನೂ ಸೇರಿಸಿದಳು. “ನಮ್ಮನೇಲಿ ಸೊಸೆದೀರ್ನ ಹೆಸರಿಡ್ದು ಕೂಗಾದಿಲ್ಲ ಕಣಪ್ಪ. ದೊಡ್ಡ ಸೊಸೆ ತಿಪಟೂರ್ನೋಳು, ಚಿಕ್ಕೋಳು ಕಡೂರ್ನೋಳು. ಇವ್ಳನ್ನ ಏನಂತ ಕೂಗ್ಲಿ? ತೋಟದೋಳು ಅನ್ಲಾ?”

“ಹುಟ್ಟಿದ್ದು ತೋಟದಲ್ಲೇ ಕಣಮ್ಮ” ಎಂದು ಜವರಯ್ಯ ನಿಜ ಹೇಳಿಬಿಟ್ಟ.

“ಓಹೋ, ನಾಕನೇದೂ ಒಂದೈತಾ!” ಎಂದ ಮರಿಯಣ್ಣ. ಟವೆಲ್ ಕೈಗೆ ತೆಗೆದುಕೊಂಡ. ಲೋಕೇಶ್ ಎದ್ದು ನಿಂತು, ತಾತನಿಗೆ ಏನಾದರೂ ಹೇಳುವ ಧೈರ್ಯವಾಗದೆ ಮತ್ತೆ ಕೂತ. ಮರಿಯಣ್ಣ ಟವೆಲನ್ನು ಕೊಡವಲಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಯಜಮಾನರ ಕಡೆ ತಿರುಗಿದ.

“ಆಯ್ತು, ಯಾರಾದ್ರೂ ಒಬ್ರು ಎತ್ತಿ. ಒಂದ್ಮಾತು ಕೇಳ್ತೀನಿ. ನಾಳೆ ಈ ಹುಡುಗ ಹುಡುಗಿಗೆ ಮಾತು ಬಂತು ಅನ್ನಿ. ನಾನು ಯಾವ ಊರ ಕಟ್ಟೆ ಮೇಲೆ ಬಂದು ಕೂರ್ಲಿ? ಕರಿಯಯ್ಯನೋರೆ, ನೀವ್ ಬಂದು ನ್ಯಾಯ ಮಾಡ್ತೀರಾ?”

ಕರಿಯಯ್ಯ ಮೀಸೆಯ ಮೇಲೆ ಕೈ ಇಟ್ಟ. “ಮಾಡ್ಬೌದು... ಆದ್ರೆ ಇವ್ನು ಊರು ಬಿಟ್ಟು ಬಾಳ ದಿನ ಆಯ್ತು. ನ್ಯಾಯ ಅಂದ್ರೆ ಇರೋ ಊರೋರು ಮಾಡಾದು ಸರಿ. ಹನುಮಂತಯ್ಯನೋರು ದೊಡ್ಡೋರು.”

“ನಾವೇನೋ ಸೈ” ಎಂದ ಹನುಮಂತಯ್ಯ. “ಆದ್ರೆ ಮನೆ ಅಳಿಯ ನೋಡಿ. ಅಳಿಯನ ಮಗಳ ನ್ಯಾಯ ಅಳಿಯನ ಅಪ್ಪನೂರೋರು... ಇಲ್ಲಾಂದ್ರೆ ಬೊಮ್ಮಯ್ಯನೋರೇ. ದಿನಾ ಕಣ್ಮುಂದೆ ಇರೋರು.”

ಬೊಮ್ಮಯ್ಯ ತಟ್ಟೆಯನ್ನು ಮೆಲ್ಲಗೆ ಜಮಖಾನದ ಮೇಲೆ ಇಟ್ಟ. “ನಾವು ಬಾಡಿಗೆ ಕೊಟ್ಟೋರು ಕಣಪ್ಪ. ಬಾಡಿಗೆ ಕೊಟ್ಟೋರೆಲ್ಲ ನ್ಯಾಯಕ್ಕೆ ಕೂತ್ರೆ ಹೊಲ ಉಳೋರ್ಯಾರು?”

ಈಗ ತಾನೇ ತಟ್ಟೆಗೆ ಹೊಡೆದಾಡುತ್ತಿದ್ದ ಮೂವರೂ ‘ನೀವು, ನೀವು’ ಎಂದು ಒಬ್ಬರಿಗೊಬ್ಬರು ಬಿಟ್ಟುಕೊಡತೊಡಗಿದರು. ಕಣ್ಣ ಮುಂದೆಯೇ ಜವರಯ್ಯ ಮೂರು ಊರಿನವನಾದ, ಮತ್ತೆ ಯಾವ ಊರಿನವನೂ ಅಲ್ಲದವನಾದ. ನನಗೆ ನಗು ಬಂತು, ಆಮೇಲೆ ಯಾಕೋ ಬರಲಿಲ್ಲ. ಎಷ್ಟೋ ವರ್ಷ ಆ ರಸ್ತೆಯಲ್ಲಿ ಗಾಡಿ ಓಡಿಸಿದ್ದೆ. ಹತ್ತಿಸಿಕೊಂಡ ಯಾರನ್ನೂ ಈ ಪ್ರಶ್ನೆ ಕೇಳಿರಲಿಲ್ಲ. ಎಲ್ಲಿ ಇಳೀತೀರಿ ಎಂದು ಕೇಳಿದ್ದೆ, ಅಷ್ಟೇ.

ಮರಿಯಣ್ಣ ಎದ್ದ. “ನಡಿ ಗಿಡ್ಡಿ. ಹೆಣ್ಣಿನ ಮೇಲೆ ನಂಗೇನೂ ಇಲ್ಲ, ಚಿನ್ನದಂಥ ಹುಡುಗಿ. ಆದ್ರೆ ಕೇಳೋರಿಲ್ದ ಹೆಣ್ಣು ತಂದ್ರೆ, ನಾಳೆ ನಮ್ಮ ಹುಡುಗನೇ ತಪ್ಪು ಮಾಡಿದ್ರೂ ಅವ್ಳ ಪರವಾಗಿ ನಿಂತು ಬೈಯೋರು ಯಾರು? ಆ ಪಾಪ ನಂಗೆ ಬ್ಯಾಡ.”

ಅವನು ಬೇಡ ಎನ್ನುತ್ತಿದ್ದದ್ದು ಹುಡುಗಿಯ ಒಳ್ಳೆಯದಕ್ಕೇ ಎಂಬುದು ಆಗ ನಮಗೆಲ್ಲ ಹೊಳೆಯಿತು.

ಆಗ ಜವರಯ್ಯ ಅವನ ದಾರಿಗೆ ಅಡ್ಡ ಬಂದ. ಜೋರಾಗಿ ಮಾತಾಡುವ ಮನುಷ್ಯನಲ್ಲ. ಅವತ್ತೂ ಜೋರು ಮಾಡಲಿಲ್ಲ, ಯಾವುದೋ ಬಸ್ಸಿನ ಟೈಮು ಕೇಳುವವನ ಹಾಗೆ ಕೇಳಿದ.

“ನೀವ್ ಯಾಕೆ ಎಲ್ಲಿಗೋ ಬಂದು ಕೂರ್ಬೇಕು ಯಜಮಾನ್ರೇ? ಓಡಾಡಾದು ನನ್ನ ಕಸುಬು, ನಿಮ್ಮದಲ್ಲ. ಹೇಳಿ ಕಳಿಸಿ, ನಾನೇ ಬತ್ತೀನಿ.”

“ನೀನಾ? ಎಲ್ಲಿಂದ ಬತ್ತೀಯಾ?”

“ಎಲ್ಲಿದ್ರೆ ಅಲ್ಲಿಂದ.”

“ಕಾಫಿ ಕೊಯ್ಲು ನಡೀತಿದ್ರೆ?”

“ಬುಟ್ಟು ಬತ್ತೀನಿ.”

“ರಾಗಿ ಬಿತ್ತನೆ ಟೈಮಾಗಿದ್ರೆ?”

“ಮಾದಮ್ಮ ಬಿತ್ಕಂತಾಳೆ.”

“ಇವ್ನು ಬತ್ತಾನೆ, ನಾನ್ ಮಾತ್ರ ಬಿತ್ತಬೇಕಾ?” ಎಂದು ಒಳಗಿನಿಂದ ಮಾದಮ್ಮನ ದನಿ. “ನಾನೂ ಬತ್ತೀನಿ ಕಣ್ರೀ, ಇಬ್ರೂ ಬತ್ತೀವಿ.”

ಇಂಥ ಉತ್ತರ ಮರಿಯಣ್ಣನ ಶಾಸ್ತ್ರದಲ್ಲಿ ಇರಲಿಲ್ಲ. ಊರು ನಿಂತ ಕಡೆ ನಿಂತಿರುತ್ತದೆ, ಬೇಕಾದವರು ಅಲ್ಲಿಗೆ ಹೋಗಬೇಕು. ಊರೇ ಎದ್ದು ಬರುತ್ತೇನೆ ಅನ್ನುವುದನ್ನು ಅವನು ಕೇಳಿರಲಿಲ್ಲ. ತಲೆ ಕೆರೆದುಕೊಂಡ. ಹೆಂಡತಿಯ ಮುಖ ನೋಡಿದ. ಗಿಡ್ಡಮ್ಮ, “ನನ್ನ ಮದ್ವೇಲಿ ತಟ್ಟೆ ಎತ್ತಿದೋರು ಆಮೇಲೆ ಒಂದಿನಾನೂ ನಮ್ಮ ಹೊಸ್ತಿಲು ತುಳಿಲಿಲ್ಲ” ಎಂದು ಗಾಳಿಗೆ ಹೇಳಿದಂತೆ ಹೇಳಿ ಸೆರಗು ಸರಿಮಾಡಿಕೊಂಡಳು.

“ಏನ್ರಪ್ಪ” ಎಂದು ಮರಿಯಣ್ಣ ಮೂವರು ಯಜಮಾನರನ್ನೂ ಕೇಳಿದ. “ನ್ಯಾಯಕ್ಕೆ ಕೂರಾದು ಬ್ಯಾಡ. ಇವ್ನು ಮಾತು ಕೊಟ್ಟಂಗೆ ಬತ್ತಾನೆ ಅನ್ನೋದಕ್ಕಾದ್ರೂ ಸಾಕ್ಷಿ ನಿಲ್ತೀರಾ?”

ಸಾಕ್ಷಿ ಎಂದರೆ ಬರೀ ನಿಲ್ಲುವುದು. ಮೂವರಿಗೂ ಒಂದೇ ಸಲ ಉಸಿರು ಬಂತು. ಮೂರು ಜೊತೆ ಕೈ ತಟ್ಟೆಯ ಕೆಳಗೆ ಬಂದವು. ಜವರಯ್ಯನ ಕೈಗೆ ಜಾಗವೇ ಉಳಿಯಲಿಲ್ಲ, ಅವನು ತೆಂಗಿನಕಾಯಿ ಉರುಳದಂತೆ ಮೇಲಿನಿಂದ ಹಿಡಿದುಕೊಂಡ.

“ಊರ ಹೆಸರು ಹೇಳ್ಬೇಕು” ಎಂದ ಮರಿಯಣ್ಣ. ಶಾಸ್ತ್ರ ಬಿಡುವ ಮನುಷ್ಯನೇ?

ಮೂವರೂ ಒಟ್ಟಿಗೆ ಬಾಯಿ ತೆರೆದರು. ಕೋಡಿಹಟ್ಟಿಯೂ ಹಾರನಹಳ್ಳಿಯೂ ಹಳೇಬೀಡೂ ಒಂದರ ಮೇಲೊಂದು ಬಿದ್ದು, ಸಂತೆಯಲ್ಲಿ ಬುಟ್ಟಿ ಉರುಳಿದಂತೆ ಸದ್ದಾಯಿತು. ಏನು ಹೇಳಿದರೋ ಒಬ್ಬರಿಗೂ ಕೇಳಲಿಲ್ಲ. ಮರಿಯಣ್ಣ ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ, “ಹೂಂ, ಅಂಥಾ ಊರ ಹೆಣ್ಣು” ಎಂದು ತಟ್ಟೆಗೆ ಕೈ ನೀಡಿದ. ಒಳಗೆ ಯಾರೋ ಹೆಂಗಸರು ಸೋಬಾನೆ ಎತ್ತಿದರು.

ಮದುವೆಯಾಯಿತು. ಮಾವಿನಕಟ್ಟೆಯ ಮನೆಯಲ್ಲಿ ಹೇಮಾಶ್ರೀಯನ್ನು ಒಬ್ಬೊಬ್ಬರು ಒಂದೊಂದು ಊರಿನ ಹೆಸರಿನಿಂದ ಕೂಗುತ್ತಿದ್ದರು. ಅವಳು ಎಲ್ಲದಕ್ಕೂ ಓಗೊಡುತ್ತಿದ್ದಳು. ಹಾಗಿರುವಾಗ ಮುಂದಿನ ವರ್ಷ ಕಾಫಿ ಸುಗ್ಗಿ ಮುಗಿಯುತ್ತಿದ್ದ ಹೊತ್ತಿಗೆ ಗಿಡ್ಡಮ್ಮನಿಗೂ ಅವಳಿಗೂ ಒಲೆಯ ಮುಂದೆ ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಮಾತು ಬಿಟ್ಟರು, ಅಡುಗೆಯನ್ನೂ ಬಿಟ್ಟರು. ಲೋಕೇಶ್ ಮಂಡಿಯಲ್ಲಿ ಬರೀ ಕೊಬ್ಬರಿ ಚೂರು ತಿಂದು ದಿನ ಕಳೆಯುತ್ತಿದ್ದ. ಮರಿಯಣ್ಣ ನನ್ನನ್ನು ಕರೆಸಿ, “ಹೋಗಿ ಆ ಜವರಯ್ಯನಿಗೆ ಹೇಳು. ಬತ್ತೀನಿ ಅಂದಿದ್ನಲ್ಲ, ನೋಡಾನ” ಎಂದ.

ನಾನು ಹೊರಟೆ. ಹಳೇಬೀಡಿನ ಕೊಠಡಿಗೆ ಬೀಗ. ಬೊಮ್ಮಯ್ಯ, “ತೋಟದಾಗವ್ನೆ, ನಮ್ಮೂರೋನು ಇನ್ನೆಲ್ಲಿಗೆ ಓದಾನು” ಅಂದ. ಬೇಲೂರು ದಾಟಿ ಕೆಂಗುಡ್ಡೆ ತೋಟಕ್ಕೆ ಹೋದರೆ ಲೈನು ಖಾಲಿ, ಕೊಯ್ಲು ಮುಗಿದು ಎಲ್ಲರೂ ಬಸ್ಸು ಹಿಡಿದು ಹೋಗಿದ್ದರು. ಕೋಡಿಹಟ್ಟಿಗೆ ಬಂದೆ. ಅಣ್ಣನ ಮನೆಯಲ್ಲಿ ಉಂಡು ಆಗಲೇ ಹೋದನಂತೆ. ಹಾರನಹಳ್ಳಿಯಲ್ಲಿ ಮಾದಮ್ಮ ಒಬ್ಬಳೇ ಸಿಕ್ಕಿ, “ನಂಗೇ ಹೇಳ್ದೆ ಓಗವ್ನೆ, ನೀವ್ ಹುಡುಕಿದ್ರೆ ನಂಗೂ ಹೇಳಿ” ಎಂದಳು. ಗಾಡಿಯ ಡೀಸೆಲ್ಲೂ ನನ್ನ ತಾಳ್ಮೆಯೂ ಒಟ್ಟಿಗೆ ಮುಗಿದವು. ಇನ್ನು ಮರಿಯಣ್ಣನಿಗೆ ಏನು ಮುಖ ತೋರಿಸಲಿ, ಆ ಹುಡುಗಿಗೆ ಏನು ಹೇಳಲಿ ಎಂದುಕೊಂಡು ಮಾವಿನಕಟ್ಟೆಗೆ ಬಂದೆ.

ಜಗಲಿಯ ಮೇಲೆ ಜವರಯ್ಯ ಕೂತಿದ್ದ. ಪಕ್ಕದಲ್ಲಿ ಮರಿಯಣ್ಣ ಕೂತು ಅವನ ತಟ್ಟೆಗೆ ತಾನೇ ತುಪ್ಪ ಬಡಿಸುತ್ತಿದ್ದ. ಒಳಗೆ ಗಿಡ್ಡಮ್ಮ, “ಇನ್ನೊಂದು ಮುದ್ದೆ ಕಟ್ಟೇ, ನಿಮ್ಮಪ್ಪ ಬರೀ ಹೊಟ್ಟೇಲಿ ಬಂದವ್ನೆ” ಎನ್ನುತ್ತಿದ್ದಳು. “ಉಪ್ಪೆಸರು ಸಾಕಾ ಅಜ್ಜಿ?” ಎಂದು ಹೇಮಾಶ್ರೀ ಕೇಳುತ್ತಿದ್ದಳು. ಮಾತು ಬಿಟ್ಟವರು ಯಾರೂ ಆ ಮನೆಯಲ್ಲಿ ಇದ್ದಂತೆ ಕಾಣಲಿಲ್ಲ.

“ನೋಡ್ದ್ಯಾ ಡ್ರೈವರ್ರೇ?” ಎಂದ ಮರಿಯಣ್ಣ. “ನೀನು ಅತ್ಲಾಗೆ ಹೋದೆ, ಇವ್ನು ಇತ್ಲಾಗೆ ಬಂದ! ಗಂಡಸು ಅಂದ್ರೆ ಹಿಂಗಿರಬೇಕು.”

ಜವರಯ್ಯನನ್ನು ಕೈ ತೊಳೆಯುವ ನೆಪದಲ್ಲಿ ತೊಟ್ಟಿಯ ಹತ್ತಿರ ಕರೆದೆ. “ನಿಂಗ್ಯಾರಯ್ಯ ಹೇಳಿದ್ದು?” ಎಂದು ಮೆಲ್ಲಗೆ ಕೇಳಿದೆ.

“ಏನು ಹೇಳಿದ್ದು? ಈ ಕಡೆ ಕಾಯಿ ಸುಲಿಯೋರು ಬೇಕು ಅಂತ ಬಸ್ಸಲ್ಲಿ ಒಬ್ಬ ಅಂದ. ಹಂಗೇ ಮಗಳ್ನ ನೋಡ್ಕಂಡು ಓಗಾನ ಅಂತ ಬಂದೆ” ಎಂದ. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಜಗಲಿಯ ಕಡೆ ಒಮ್ಮೆ, ಅಡುಗೆಮನೆಯ ಕಡೆ ಒಮ್ಮೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಹೇಮಾಶ್ರೀ ಅವನನ್ನೇ ನೋಡುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಡ್ರೈವರಣ್ಣ” ಎಂದು ನನ್ನ ಕಿವಿಯಲ್ಲಿ ಕೇಳಿದ. “ಏನಾಗೈತೆ ಈ ಮನೇಲಿ? ಎಲ್ರೂ ಯಾಕೆ ನನ್ನ ಹಿಂಗ್ ನೋಡ್ತಾವ್ರೆ? ನಾನೇನ್ ಮಾಡ್ದೆ?”